ರೆಕಾರ್ಡಿನ ಬೆನ್ನ ಮೇಲಿನ ಹೆಸರುಗಳು

ಎಲ್ಪಿ ರೆಕಾರ್ಡು ಕೈಗೆ ಸಿಕ್ಕರೆ ಮುಂದಿನ ಚಿತ್ರ ನೋಡಿ ಖುಷಿಪಡುವವರು ಒಂದು ಜಾತಿ. ತಕ್ಷಣ ತಿರುಗಿಸಿ ಹಿಂದಿರುವ ಸಣ್ಣ ಅಕ್ಷರ ಓದುವವರು ಇನ್ನೊಂದು ಜಾತಿ. ನಾನು ಎರಡನೇ ಜಾತಿಯವನು. ಈ ಚೆನ್ನೈಗೆ ಬಂದು ಮೂವತ್ತು ವರ್ಷದ ಮೇಲಾಯಿತು, ಊರಿನ ಹೆಸರು 1996ರಲ್ಲಿ ಬದಲಾದರೂ ನನ್ನ ಬಾಯಲ್ಲಿ ಅದಿನ್ನೂ ಮದರಾಸೇ. ಇಲ್ಲಿ ಸಂಗೀತ ಅಂದರೆ ಡಿಸೆಂಬರಿನ ಸಭಾ ಕಚೇರಿ, ಇಲ್ಲವೇ ಸಿನಿಮಾ. ಅದರ ನಡುವೆ ನನಗೆ ಹತ್ತಿದ ಹುಚ್ಚು ಮಾತ್ರ 1970ರ ದಶಕದ ಅಮೆರಿಕದ ಜಾಝ್-ಫಂಕ್ ಮತ್ತು ಬ್ರೆಜಿಲ್ ದೇಶದ ಹಾಡುಗಳದ್ದು. ಇದೇನಪ್ಪ, ಎತ್ತಣ ಮಾಮರ ಎತ್ತಣ ಕೋಗಿಲೆ ಅಂತ ನಗಬೇಡಿ. ಆ ರೆಕಾರ್ಡುಗಳ ಬೆನ್ನು ಓದುತ್ತಾ ಹೋದರೆ ದಾರಿ ಸೀದಾ ಕೋಡಂಬಾಕಕ್ಕೆ, ಅಲ್ಲಿಂದ ಬೆಂಗಳೂರಿಗೆ ಬರುತ್ತದೆ. ಬರುವ ದಾರಿಯಲ್ಲಿ ನಮ್ಮವರ ಹೆಸರುಗಳು ಎಲ್ಲಿ ಕಳೆದುಹೋದವು ಅನ್ನುವುದೂ ಕಾಣುತ್ತದೆ. ಅದನ್ನೇ ಇವತ್ತು ಬರೆಯೋಣ ಅಂತ.

ಜಾಝ್-ಫಂಕ್ ಅಂದರೆ ಏನು ಅಂತ ಕೇಳುವವರಿಗೆ ಎರಡು ಮಾತು. ಜಾಝ್‌ನಲ್ಲಿ ನಮ್ಮ ಮನೋಧರ್ಮದ ಹಾಗೆ ವಾದಕ ಆ ಕ್ಷಣಕ್ಕೆ ತೋಚಿದ್ದನ್ನು ಬೆಳೆಸುತ್ತಾನೆ. ಫಂಕ್ ಎಂಬುದು ಜೇಮ್ಸ್ ಬ್ರೌನ್ ಮತ್ತು ಅವನ ತಂಡ 1960ರ ದಶಕದಲ್ಲಿ ಕಟ್ಟಿದ ಕುಣಿತದ ಲಯ. ಅಲ್ಲಿ ಡ್ರಮ್ಸ್ ಮತ್ತು ಬೇಸ್ ಗಿಟಾರೇ ಯಜಮಾನರು. ಇವೆರಡನ್ನೂ ಕೂಡಿಸಿ ಹರ್ಬಿ ಹ್ಯಾನ್‌ಕಾಕ್ 1973ರಲ್ಲಿ 'ಹೆಡ್ ಹಂಟರ್ಸ್' ಎಂಬ ಆಲ್ಬಂ ಮಾಡಿದ. ಅದರ ಮೊದಲ ಹಾಡು 'ಕಮೀಲಿಯನ್' ಹನ್ನೆರಡು ಸ್ವರಗಳ ಒಂದು ಮಂದ್ರದ ಎಳೆಯಿಂದ ಶುರುವಾಗುತ್ತದೆ. ಅದು ತಿರುಗುತ್ತಲೇ ಇರುತ್ತದೆ, ಅದರ ಮೇಲೆ ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಹದಿನೈದು ನಿಮಿಷ. ಎರಡನೇ ಹಾಡು 'ವಾಟರ್‌ಮೆಲನ್ ಮ್ಯಾನ್'ನಲ್ಲಿ ಬಿಲ್ ಸಮ್ಮರ್ಸ್ ಎಂಬಾತ ಬಿಯರ್ ಬಾಟಲಿಯ ಬಾಯಿಗೆ ಊದಿ ಮಧ್ಯ ಆಫ್ರಿಕದ ಕಾಡಿನ ಜನರ ಕೊಳಲಿನ ಸದ್ದು ತರುತ್ತಾನೆ. ಮಣ್ಣಿನ ಗಡಿಗೆಯನ್ನು ವೇದಿಕೆಗೆ ಏರಿಸಿದ ನಮಗೆ ಬಾಟಲಿಯೂ ವಾದ್ಯವಾಗಬಹುದು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲವೇ?

ಈಗ ರೆಕಾರ್ಡಿನ ಬೆನ್ನು ಓದುವ ಆಟಕ್ಕೆ ಬನ್ನಿ. ಅಲ್ಲಿ ಯಾರು ಬೇಸ್, ಯಾರು ಡ್ರಮ್ಸ್, ಯಾರು ಗಿಲಕಿ ಅಲ್ಲಾಡಿಸಿದವರು ಅಂತ ಅಚ್ಚಾಗಿರುತ್ತದೆ. ಒಂದು ಹೆಸರು ಹಿಡಿದು ಹೊರಡಿ. ನಾನು ಹಿಡಿದದ್ದು ಐರ್ಟೋ ಮೊರೇರಾ ಎಂಬ ಹೆಸರು. ದಕ್ಷಿಣ ಬ್ರೆಜಿಲ್‌ನಲ್ಲಿ 1941ರಲ್ಲಿ ಹುಟ್ಟಿದವನು. ಮೈಲ್ಸ್ ಡೇವಿಸ್‌ನ 'ಲೈವ್-ಈವಿಲ್' (1971) ಆಲ್ಬಂನಲ್ಲಿ ಸಿಗುತ್ತಾನೆ. ಚಿಕ್ ಕೊರಿಯಾನ 'ರಿಟರ್ನ್ ಟು ಫಾರೆವರ್' (1972) ಆಲ್ಬಂನಲ್ಲಿ ಡ್ರಮ್ಸ್ ಬಾರಿಸುತ್ತಾನೆ. ಅವನ ಹೆಂಡತಿ ಫ್ಲೋರಾ ಪುರಿಂ ಹಾಡುತ್ತಾಳೆ, ಎಷ್ಟೋ ಕಡೆ ಮಾತೇ ಇಲ್ಲದೆ ಬರೀ ದನಿಯಲ್ಲಿ. 1973ರಲ್ಲಿ ಅವನದೇ 'ಫಿಂಗರ್ಸ್' ಬಂತು. ಇವನ ಮುಖ್ಯ ವಾದ್ಯಗಳಲ್ಲಿ ಒಂದು ಪಂಡೇರೊ. ಸುತ್ತ ಬಿಲ್ಲೆಗಳು, ಮೇಲೆ ಚರ್ಮ, ಒಂದೇ ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ನುಡಿಸುವುದು. ನಮ್ಮ ಖಂಜಿರದ ದಾಯಾದಿ ಅನ್ನಿ. ಐರ್ಟೋ ಬರುವ ಮುಂಚೆ ಜಾಝ್ ತಂಡದಲ್ಲಿ ಇಂಥ ಸಣ್ಣ ವಾದ್ಯಗಳಿಗೆ ಹೆಚ್ಚಿನ ಮರ್ಯಾದೆ ಇರಲಿಲ್ಲ. ಅವನಾದ ಮೇಲೆ ಗಿಲಕಿ, ಗಂಟೆ, ಬುರುಡೆ ನುಡಿಸುವವನಿಗೂ ವೇದಿಕೆಯಲ್ಲಿ ಒಂದು ಜಾಗ ಖಾಯಂ ಆಯಿತು.

ಅವನ ಹಿಂದೆಯೇ ಹೋದರೆ 1991ಕ್ಕೆ ಬರುತ್ತೀರಿ. ಅಮೆರಿಕದ ಡ್ರಮ್ಮರ್ ಮಿಕಿ ಹಾರ್ಟ್ ಹೊರತಂದ 'ಪ್ಲಾನೆಟ್ ಡ್ರಮ್' ಎಂಬ ಆಲ್ಬಂ. ಐರ್ಟೋ ಇದ್ದಾನೆ, ಫ್ಲೋರಾ ಇದ್ದಾಳೆ, ನೈಜೀರಿಯಾದ ಒಲಟುಂಜಿ ಇದ್ದಾರೆ, ಉಸ್ತಾದ್ ಜಾಕಿರ್ ಹುಸೇನ್ ಇದ್ದಾರೆ. ಜೊತೆಗೆ ಘಟಂ: ಟಿ.ಎಚ್. ವಿನಾಯಕರಾಂ. ಅಂದರೆ ನಮ್ಮ ಚೆನ್ನೈನ ವಿಕ್ಕು! ವಿಶ್ವ ಸಂಗೀತ ವಿಭಾಗದಲ್ಲಿ ಗ್ರ್ಯಾಮಿ ಕೊಡಲು ಶುರು ಮಾಡಿದ ಮೊದಲ ವರ್ಷ, 1992ರಲ್ಲಿ, ಅದು ಸಿಕ್ಕಿದ್ದು ಈ ಆಲ್ಬಂಗೇ. ವಿಕ್ಕು ಆಗಲೇ ಹೊರಗಿನ ಲೋಕ ಕಂಡವರು. ಜಾನ್ ಮೆಕ್‌ಲಾಫ್ಲಿನ್, ಜಾಕಿರ್, ಮದರಾಸಿನಲ್ಲೇ ಹುಟ್ಟಿದ ವಯಲಿನ್ ಎಲ್. ಶಂಕರ್ ಜೊತೆ 'ಶಕ್ತಿ' ತಂಡದಲ್ಲಿ 1970ರ ದಶಕದ ನಡುವೆ ಮೂರು ಆಲ್ಬಂ ಮಾಡಿದ್ದರು. ಬ್ರೆಜಿಲ್‌ನ ಪಂಡೇರೊ ಮತ್ತು ತಮಿಳುನಾಡಿನ ಘಟ ಒಂದೇ ರೆಕಾರ್ಡಿನಲ್ಲಿ ಕೂತಿವೆ ಅಂತ ನನಗೆ ಗೊತ್ತಾಗುವುದು ಯಾಕೆ? ಇಬ್ಬರ ಹೆಸರೂ ಅಚ್ಚಾಗಿದೆ, ಅದಕ್ಕೆ. ಇಷ್ಟೇ ವಿಷಯ.

ಬ್ರೆಜಿಲ್ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಅಲ್ಲಿನ ಬೀದಿ ಕುಣಿತದ ಸಾಂಬಾ ಲಯವನ್ನು ಒಂದು ಗಿಟಾರಿನೊಳಗೆ ಇಳಿಸಿದವನು ಜೊವಾವೊ ಜಿಲ್‌ಬರ್ಟೊ. ಹೆಬ್ಬೆರಳು ದೊಡ್ಡ ನಗಾರಿಯ ಕೆಲಸ ಮಾಡುತ್ತದೆ, ಉಳಿದ ಬೆರಳುಗಳು ತಾಳ ತಪ್ಪಿಸಿದ ಹಾಗೆ ಮೀಟುತ್ತವೆ. ಇದಕ್ಕೆ ಬೊಸ್ಸಾ ನೋವಾ ಅಂತ ಹೆಸರು. ಅವನ ಮೊದಲ ಎಲ್ಪಿ ಬಂದದ್ದು 1959ರಲ್ಲಿ. ಪಿಸುಮಾತಿನ ಹಾಗೆ ಹಾಡುತ್ತಾನೆ, ಪಲ್ಲವಿ ತಾಳದ ಪೆಟ್ಟಿಗೆ ಸರಿಯಾಗಿ ಬೀಳುವುದಿಲ್ಲ, ಸ್ವಲ್ಪ ಜಾರಿ ಬೀಳುತ್ತದೆ. ಕಚೇರಿ ಕೇಳಿ ಬೆಳೆದವರಿಗೆ ಇದು ಅನಾಗತ ಎಡುಪು. ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರೆ ಹತ್ತು ನಿಮಿಷದಲ್ಲಿ ಗುಟ್ಟು ಗೊತ್ತಾಗುತ್ತದೆ. 1964ರಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಸ್ಟಾನ್ ಗೆಟ್ಜ್ ಜೊತೆ ಅವನು ಮಾಡಿದ 'ಗೆಟ್ಜ್/ಜಿಲ್‌ಬರ್ಟೊ' ಹೊರಬಂದು ಲೋಕವೆಲ್ಲ ತಿರುಗಿತು.

ಅದೇ 1964ರಲ್ಲಿ ಬ್ರೆಜಿಲ್‌ನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಆಮೇಲಿನ ಹಾಡುಗಳಿಗೆ ಇನ್ನೊಂದು ಭಾರ ಬಂತು. ಗಿಲ್‌ಬರ್ಟೊ ಗಿಲ್ ಮತ್ತು ಕಯೆಟಾನೊ ವೆಲೋಸೊ ಇಬ್ಬರನ್ನೂ 1968ರ ಡಿಸೆಂಬರಿನಲ್ಲಿ ಸೆರೆ ಹಿಡಿದು, ಮರುವರ್ಷ ದೇಶ ಬಿಡಿಸಿದರು. ಇಬ್ಬರೂ ಲಂಡನ್ನಿನಲ್ಲಿದ್ದು 1972ರಲ್ಲಿ ಮರಳಿದರು. (ಆ ಗಿಲ್ 2003ರಲ್ಲಿ ದೇಶದ ಸಂಸ್ಕೃತಿ ಮಂತ್ರಿಯೇ ಆದರು, ಕಾಲದ ಮಹಿಮೆ!) 1972ರಲ್ಲೇ ಮಿಲ್ಟನ್ ನಾಸಿಮೆಂಟೊ ಮತ್ತು ಲೋ ಬೋರ್ಜೆಸ್ ಗೆಳೆಯರ ಗುಂಪು ಕಟ್ಟಿಕೊಂಡು 'ಕ್ಲೂಬಿ ದಾ ಎಸ್ಕಿನಾ' ಎಂಬ ಎರಡು ತಟ್ಟೆಯ ಆಲ್ಬಂ ಮಾಡಿದರು. 1974ರಲ್ಲಿ 'ಎಲಿಸ್ ಮತ್ತು ಟಾಮ್'. 1976ರಲ್ಲಿ ಜಾರ್ಜ್ ಬೆನ್‌ನ 'ಆಫ್ರಿಕಾ ಬ್ರಾಸಿಲ್', ಅದರಲ್ಲಿ ಸಾಂಬಾ ಪೂರ್ತಿಯಾಗಿ ಫಂಕ್ ಬಟ್ಟೆ ತೊಟ್ಟಿದೆ. ಭಾಷೆ ಪೋರ್ಚುಗೀಸು, ಒಂದಕ್ಷರ ತಿಳಿಯುವುದಿಲ್ಲ. ಚಿಂತೆಯಿಲ್ಲ, ಈ ಊರಿಗೆ ಬಂದ ಹೊಸದರಲ್ಲಿ ನಮಗೆ ತಮಿಳು ಎಷ್ಟು ತಿಳಿಯುತ್ತಿತ್ತು? ಹಾಡು ಕೇಳಿಯೇ ಕಲಿತೆವಲ್ಲ.

ಇರಲಿ, ಮದರಾಸಿಗೆ ಬರೋಣ. ಈ ಊರಿಗೆ ಜಾಝ್ ಹೊಸದೇನಲ್ಲ. 1958ರಲ್ಲಿ ಡೇವ್ ಬ್ರೂಬೆಕ್ ತಂಡ ಇಲ್ಲಿ ನುಡಿಸಿತ್ತು. 1963ರಲ್ಲಿ ಡ್ಯೂಕ್ ಎಲಿಂಗ್ಟನ್ ತನ್ನ ಇಡೀ ವಾದ್ಯವೃಂದದೊಂದಿಗೆ ಬೆಂಗಳೂರಿಗೂ ಬಂದ, ಮದರಾಸಿಗೂ ಬಂದ. ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟುಹೋಗುವ ತನಕ ಹಳೆ ಪುಸ್ತಕಗಳ ಜೊತೆಗೆ ಹಳೆ ರೆಕಾರ್ಡುಗಳಿಗೂ ಜನ ಅಲ್ಲಿಗೇ ಹೋಗುತ್ತಿದ್ದರು. ಆದರೆ ಈ ಲಯಗಳು ಕನ್ನಡದ ಮನೆಮನೆಗೆ ಬಂದದ್ದು ಕಚೇರಿಯಿಂದಲೂ ಅಲ್ಲ, ಅಂಗಡಿಯಿಂದಲೂ ಅಲ್ಲ. ಸಿನಿಮಾದಿಂದ.

ನಮ್ಮ ಸಿನಿಮಾ ದಶಕಗಟ್ಟಲೆ ಮದರಾಸಿನ ಬಾಡಿಗೆದಾರ. 'ಬೇಡರ ಕಣ್ಣಪ್ಪ' (1954) ಕಾಲದಿಂದ ಸ್ಟುಡಿಯೋ ಇಲ್ಲಿ, ರೆಕಾರ್ಡಿಂಗ್ ಇಲ್ಲಿ, ಕಲಾವಿದರ ಸಂಸಾರವೂ ಇಲ್ಲಿ. ಪುನೀತ್ ಹುಟ್ಟಿದ್ದೂ ಇಲ್ಲೇ, 1975ರಲ್ಲಿ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಅವರ ಹಾಡುಗಳನ್ನು ನುಡಿಸಿದ್ದು ಬಹುಪಾಲು ಈ ಊರಿನ ವಾದಕರು. ಬೆಳಿಗ್ಗೆ ತಮಿಳು, ಮಧ್ಯಾಹ್ನ ತೆಲುಗು, ಸಂಜೆ ಕನ್ನಡ, ನಡುವೆ ಮಲಯಾಳ. ಭಾಷೆ ಯಾವುದಾದರೇನು, ಎದುರಿಗಿದ್ದದ್ದು ಸ್ವರ ಬರೆದ ಕಾಗದ. ಮೈಲಾಪುರದಲ್ಲಿ ಧನರಾಜ್ ಮಾಸ್ಟರ್ ಪಾಶ್ಚಾತ್ಯ ಸಂಗೀತ ಓದಲು ಬರೆಯಲು ಕಲಿಸುತ್ತಿದ್ದರು. ಹೊರಗಿನ ರೆಕಾರ್ಡು ಯಾರೋ ತರುತ್ತಿದ್ದರು, ಕೇಳಿದವರು ಮರುದಿನ ಬೆರಳಿಗೆ ಇಳಿಸುತ್ತಿದ್ದರು.

ಜಿ.ಕೆ. ವೆಂಕಟೇಶ್ ಅವರನ್ನೇ ನೋಡಿ. ವೀಣೆ ಬಲ್ಲವರು. 'ಸಂಧ್ಯಾರಾಗ'ಕ್ಕೆ (1966) ಭೀಮಸೇನ ಜೋಷಿಯವರಿಂದ ಹಾಡಿಸಿದವರು. ಅವರೇ 'ಜೇಡರ ಬಲೆ' (1968), 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರಗಳಿಗೆ ಹಿತ್ತಾಳೆಯ ತುತ್ತೂರಿ, ಬಾಂಗೋ, ಎಲೆಕ್ಟ್ರಿಕ್ ಗಿಟಾರು ಸೇರಿಸಿ ಬಾಂಡ್ ಶೈಲಿಯ ಸಂಗೀತ ಕೊಟ್ಟರು. 'ಆಪರೇಷನ್ ಡೈಮಂಡ್ ರಾಕೆಟ್' (1978) ಚಿತ್ರದಲ್ಲಿ ಅಣ್ಣಾವ್ರು ಇಂಗ್ಲಿಷಿನಲ್ಲಿ ಹಾಡಿದ ಹಾಡು ನಿಮಗೆಲ್ಲ ಗೊತ್ತು. ಇಂಟರ್ನೆಟ್ ಕಾಲದಲ್ಲಿ ಅದು ತಮಾಷೆಯ ವಸ್ತುವಾಗಿ ಲೋಕವೆಲ್ಲ ಸುತ್ತಿತು. ನಗುವವರು ನಗಲಿ. ಒಂದು ಸಲ ಮಾತು ಬಿಟ್ಟು ಹಿಂದಿನ ವಾದ್ಯ ಮಾತ್ರ ಕೇಳಿ ಅಂತ ನನ್ನ ವಿನಂತಿ. ಆ ವರ್ಷಗಳಲ್ಲಿ ಜಗತ್ತು ಯಾವ ಲಯಕ್ಕೆ ಕುಣಿಯುತ್ತಿತ್ತು ಅನ್ನುವುದು ಕೋಡಂಬಾಕದ ಆ ಕೋಣೆಗೂ ಗೊತ್ತಿತ್ತು.

ಸರಿ, ಆ ಹಾಡಿನಲ್ಲಿ ಬೇಸ್ ನುಡಿಸಿದ್ದು ಯಾರು? ಡ್ರಮ್ಸ್ ಯಾರು? ರೆಕಾರ್ಡು ತಿರುಗಿಸಿ. ಸಂಗೀತ, ಸಾಹಿತ್ಯ, ಗಾಯನ. ಅಷ್ಟೇ. ಐರ್ಟೋನ ಹಿಂದೆ ಹೋದ ಹಾಗೆ ಇವರ ಹಿಂದೆ ಹೋಗಲು ದಾರಿಯೇ ಇಲ್ಲ.

ಎಷ್ಟು ದೊಡ್ಡ ನಷ್ಟ ಅಂತ ತಿಳಿಯಲು ಒಂದೇ ಉದಾಹರಣೆ ಸಾಕು. ಆ ವರ್ಷಗಳಲ್ಲಿ ಜಿ.ಕೆ. ವೆಂಕಟೇಶ್ ಬಳಿ ಗಿಟಾರ್ ನುಡಿಸುತ್ತಾ, ಸ್ವರ ಬರೆದುಕೊಳ್ಳುತ್ತಾ ಸಹಾಯಕನಾಗಿದ್ದ ಹುಡುಗ ಒಬ್ಬನಿದ್ದ. ಅವನು ಅವರ ಜೊತೆ ಮಾಡಿದ ಚಿತ್ರಗಳು ಇನ್ನೂರರಷ್ಟು ಎನ್ನುತ್ತಾರೆ, ಹೆಚ್ಚಿನವು ಕನ್ನಡದವು. 1976ರಲ್ಲಿ 'ಅನ್ನಕ್ಕಿಳಿ' ಬಂದ ಮೇಲೆ ಅವನನ್ನು ನಾಡೆಲ್ಲ ಇಳಯರಾಜ ಅಂತ ಕರೆಯಿತು. ಅಂದರೆ ನಾವು ಬಾಲ್ಯದಲ್ಲಿ ರೇಡಿಯೋದಲ್ಲಿ ಕೇಳಿದ ಎಷ್ಟೋ ಕನ್ನಡ ಹಾಡುಗಳಲ್ಲಿ ಇಳಯರಾಜರ ಬೆರಳು ಇದೆ. ಯಾವ ಹಾಡು? ರೆಕಾರ್ಡಿನ ಬೆನ್ನು ಬಾಯಿ ಬಿಡುವುದಿಲ್ಲ. ಮುಂದೆ ಅವರೇ ಸಂಗೀತ ಕೊಟ್ಟ 'ಗೀತಾ' (1981), ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' (1983) ಹಾಕಿ ಕೇಳಿ. ಹಾಡುವವರ ಕೆಳಗೆ ಬೇಸ್ ಗಿಟಾರು ತನ್ನದೇ ಒಂದು ರಾಗ ಎಳೆಯುತ್ತಾ ನಡೆಯುತ್ತದೆ. ಅವರ ವಾದ್ಯವೃಂದದಲ್ಲಿ ಶಶಿಧರನ್ ಬೇಸ್, ಸದಾನಂದಂ ಗಿಟಾರ್, ಪುರುಷೋತ್ತಮನ್ ಡ್ರಮ್ಸ್, ವಿಜಿ ಮ್ಯಾನುಯೆಲ್ ಕೀಬೋರ್ಡ್, ವಿ.ಎಸ್. ನರಸಿಂಹನ್ ವಯಲಿನ್ ಇದ್ದರು ಅಂತ ನಮಗೆ ಇವತ್ತು ಗೊತ್ತಿದ್ದರೆ, ಅದು ಅಭಿಮಾನಿಗಳು ಕೇಳಿ ಕೇಳಿ, ಹುಡುಕಿ ಬರೆದಿಟ್ಟದ್ದರಿಂದ.

ಇದು ನಮ್ಮ ಕಡೆಯ ಅನ್ಯಾಯ ಮಾತ್ರ ಅಂದುಕೊಳ್ಳಬೇಡಿ. ಡೆಟ್ರಾಯಿಟಿನ ಮೋಟೌನ್ ಕಂಪನಿಯಲ್ಲಿ 1960ರ ದಶಕದುದ್ದಕ್ಕೂ ಹಿಟ್ ಮೇಲೆ ಹಿಟ್ ನುಡಿಸಿದ ವಾದಕರ ಹೆಸರು ಯಾವ ರೆಕಾರ್ಡಿನಲ್ಲೂ ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ 'ವಾಟ್ಸ್ ಗೋಯಿಂಗ್ ಆನ್' ಆಲ್ಬಂನಲ್ಲಿ ಅವರ ಹೆಸರು ಹಾಕಿಸಿದ. ಬೇಸ್ ಗಿಟಾರಿನ ಜೇಮ್ಸ್ ಜೇಮರ್ಸನ್ ಎಂಬ ಮಹಾನುಭಾವ ಹಾಗೆ ಜನರಿಗೆ ಗೊತ್ತಾದದ್ದು. ಜೇಮ್ಸ್ ಬ್ರೌನ್‌ನ 'ಫಂಕಿ ಡ್ರಮ್ಮರ್' (1970) ಹಾಡಿನ ಕೆಲವೇ ಸೆಕೆಂಡಿನ ಡ್ರಮ್ ತುಣುಕನ್ನು ಆಮೇಲಿನವರು ಕತ್ತರಿಸಿ ನೂರಾರು ಹಾಡುಗಳಿಗೆ ಅಂಟಿಸಿಕೊಂಡರು. ಅದನ್ನು ಬಾರಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್‌ಗೆ ರಾಯಧನ ಬರಲಿಲ್ಲ. ಹಾಡಿನ ಕರ್ತೃ ಅಂತ ಅವನ ಹೆಸರೇ ಇರಲಿಲ್ಲವಲ್ಲ! 2017ರಲ್ಲಿ ತೀರಿಕೊಂಡ. ಹೆಸರು ಹಾಕುವುದು ಬರೀ ಮರ್ಯಾದೆಯ ಪ್ರಶ್ನೆ ಅಂತ ಹೇಳುವವರಿಗೆ ಈ ಕಥೆ ಹೇಳಿ. ಹೆಸರಿಲ್ಲದವನಿಗೆ ಬಾಕಿಯೂ ಇಲ್ಲ.

ಮದರಾಸಿನಲ್ಲಿ ಈ ಪದ್ಧತಿ ಮುರಿದದ್ದು ಯಾರು ಗೊತ್ತೇ? ಅದೂ ಒಬ್ಬ ಹೆಸರಿಲ್ಲದ ವಾದಕನೇ. ಆರ್.ಕೆ. ಶೇಖರ್ ಅಂತ ಮಲಯಾಳ ಚಿತ್ರಗಳ ಸಂಗೀತ ನಿರ್ದೇಶಕರು, ಬೇರೆಯವರ ಹಾಡುಗಳಿಗೆ ವಾದ್ಯ ಸಂಯೋಜನೆಯನ್ನೂ ಮಾಡುತ್ತಿದ್ದವರು, 1976ರಲ್ಲಿ ತೀರಿಹೋದರು. ಅವರ ಚಿಕ್ಕ ಮಗ ಸಂಸಾರ ನಡೆಸಲು ಸ್ಟುಡಿಯೋಗಳಲ್ಲಿ ಕೀಬೋರ್ಡ್ ನುಡಿಸಿದ. ನಮ್ಮ ವಿಜಯಭಾಸ್ಕರ್, ಹಂಸಲೇಖ ಅವರಿಗೂ ನುಡಿಸಿದ. ಆ ಹುಡುಗ 1992ರ 'ರೋಜಾ'ದಿಂದ ಎ.ಆರ್. ರೆಹಮಾನ್ ಆದ. ಕ್ಯಾಸೆಟ್ಟಿನೊಳಗಿನ ಮಡಿಸಿದ ಕಾಗದದಲ್ಲಿ ಕೊಳಲು ಯಾರು, ಗಿಟಾರ್ ಯಾರು, ಶಬ್ದ ಹಿಡಿದ ಎಂಜಿನಿಯರ್ ಯಾರು ಅಂತ ಅಚ್ಚು ಹಾಕುವುದು ಇಲ್ಲಿ ವಾಡಿಕೆಯಾದದ್ದು ಅವನ ಕಾಲದಲ್ಲಿ. ಆದರೆ ಅಷ್ಟು ಹೊತ್ತಿಗೆ ಕನ್ನಡ ಸಿನಿಮಾ ಪೆಟ್ಟಿಗೆ ಕಟ್ಟಿಕೊಂಡು ಬೆಂಗಳೂರಿಗೆ ಹೊರಟಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಅಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದರು. ನಾಡಿನ ಸಿನಿಮಾ ನಾಡಿಗೆ ಮರಳಿದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದರಾಸಿನಲ್ಲಿ ನಮ್ಮ ಹಾಡು ನುಡಿಸಿದವರು ಇಲ್ಲೇ ಉಳಿದರು, ಹೆಸರಿಲ್ಲದೆ ಉಳಿದರು.

ಹಾಗಾದರೆ ಹೆಸರು ಹಿಡಿದು ಹೋಗಬಹುದಾದ ಆಲ್ಬಂ ಕನ್ನಡನಾಡಿನದು ಒಂದೂ ಇಲ್ಲವೇ? ಇದೆ. ಬೆಂಗಳೂರಿನಲ್ಲಿ 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ಲಯವಾದ್ಯಗಳ ಶಾಲೆ. ಅದನ್ನು ಬೆಳೆಸಿದವರು ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಮತ್ತು ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ. ಜರ್ಮನಿಯ ಎಂಬ್ರಿಯೋ ಎಂಬ ತಂಡ 1970ರ ದಶಕದ ಕೊನೆಗೆ ಬಸ್ಸಿನಲ್ಲಿ ಭಾರತಕ್ಕೆ ಬಂದಾಗ ಇವರ ಜೊತೆ ನುಡಿಸಿತು. ಆ ತಂಡದಿಂದ ಹೊರಬಂದವರು ಕಟ್ಟಿದ ಡಿಸಿಡೆಂಟನ್ ತಂಡ ಇವರ ಜೊತೆಗೇ 1982ರಲ್ಲಿ 'ಜರ್ಮನಿಸ್ತಾನ್' ಮಾಡಿತು. ಅದರಲ್ಲಿದ್ದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮೇರಿಯಾನೊ ಸಣ್ಣವನಲ್ಲ; ಚಾರ್ಲ್ಸ್ ಮಿಂಗಸ್‌ನ 1963ರ ಪ್ರಸಿದ್ಧ ಆಲ್ಬಂನಲ್ಲಿ ನುಡಿಸಿದವನು. ಅಂಥವನು ದಕ್ಷಿಣ ಭಾರತಕ್ಕೆ ಬಂದು ಕೂತು ನಾಗಸ್ವರ ಕಲಿತಿದ್ದ.

ಇವರೆಲ್ಲ ಸೇರಿ 1983ರಲ್ಲಿ ಜರ್ಮನಿಯಲ್ಲಿ ರೆಕಾರ್ಡು ಮಾಡಿದ್ದು 'ಜ್ಯೋತಿ'. ಹೊರತಂದದ್ದು ಮ್ಯೂನಿಕ್‌ನ ಇಸಿಎಂ ಕಂಪನಿ. ಮೇಲೆ ಹೇಳಿದ ಐರ್ಟೋ-ಫ್ಲೋರಾರ 1972ರ 'ರಿಟರ್ನ್ ಟು ಫಾರೆವರ್' ಹೊರತಂದದ್ದೂ ಇದೇ ಕಂಪನಿ! ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿ. ಒಂದರಲ್ಲಿ ರಿಯೊದ ಹೆಣ್ಣುಮಗಳ ಮಾತಿಲ್ಲದ ದನಿ ಕೊಳಲು, ಸ್ಯಾಕ್ಸೋಫೋನಿನ ಜೊತೆ ಹಾರುತ್ತದೆ. ಇನ್ನೊಂದರಲ್ಲಿ ಬೆಂಗಳೂರಿನ ಹೆಣ್ಣುಮಗಳ ಆಲಾಪ ಬಾಸ್ಟನ್ನಿನವನ ಸ್ಯಾಕ್ಸೋಫೋನಿನ ಕೈ ಹಿಡಿದು ನಡೆಯುತ್ತದೆ. ಕೆಳಗೆ ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಬಾಯಲ್ಲಿ ಕೊನ್ನಕೋಲು. ಇಲ್ಲಿ ಡ್ರಮ್ಸ್ ಇಲ್ಲ, ಬೇಸ್ ಗಿಟಾರಿಲ್ಲ, ಫಂಕ್ ಅಂತ ಯಾರೂ ಕರೆಯಲಾರರು. ಆದರೆ ಲಯವೇ ಯಜಮಾನ ಅನ್ನುವ ಮಾತು ಎರಡರಲ್ಲೂ ಒಂದೇ. ತಿರುಗಿಸಿದರೆ ಐದೂ ಜನರ ಹೆಸರಿದೆ: ಮೇರಿಯಾನೊ, ರಮಾಮಣಿ, ಮಣಿ, ಘಟಕ್ಕೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಮೇರಿಯಾನೊ 2009ರಲ್ಲಿ ತೀರಿಕೊಂಡ, ಮಣಿಯವರು 2020ರಲ್ಲಿ. ಯುರೋಪಿನ ಜಾಝ್ ಅಭಿಮಾನಿಗಳು ಈ ಹೆಸರುಗಳನ್ನು ಪಟ ಪಟ ಅಂತ ಹೇಳುತ್ತಾರೆ. ನಮ್ಮ ಸಂಘದ ಸಭೆಯಲ್ಲಿ ಕೇಳಿದರೆ ಎಷ್ಟು ಕೈ ಎತ್ತುತ್ತವೆ, ನೀವೇ ಊಹಿಸಿ.

ಶುರು ಮಾಡುವವರಿಗೆ ನನ್ನ ಪಟ್ಟಿ ಸಣ್ಣದು. 'ಗೆಟ್ಜ್/ಜಿಲ್‌ಬರ್ಟೊ', 'ರಿಟರ್ನ್ ಟು ಫಾರೆವರ್', 'ಹೆಡ್ ಹಂಟರ್ಸ್', 'ಆಫ್ರಿಕಾ ಬ್ರಾಸಿಲ್', ಕೊನೆಗೆ 'ಜ್ಯೋತಿ'. ಒಂದೊಂದಕ್ಕೆ ಒಂದು ಭಾನುವಾರ ಕೊಡಿ. ಮೊದಲ ಸಲ ಬೇಸ್ ಮಾತ್ರ ಕೇಳಿ, ಎರಡನೇ ಸಲ ಡ್ರಮ್ಸ್ ಅಥವಾ ಮೃದಂಗ ಮಾತ್ರ, ಮೂರನೇ ಸಲ ಎಲ್ಲ ಒಟ್ಟಿಗೆ. ಈಗ ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ, ರೆಕಾರ್ಡಿನ ಬೆನ್ನು ಒಂದು ಬಿಟ್ಟು. ಹಾಗಾಗಿ ನುಡಿಸಿದವರ ಹೆಸರು ಹುಡುಕಿ ಓದುವ ಕೆಲಸ ಕೇಳುಗನ ಪಾಲಿಗೇ ಬಂದಿದೆ.

ಇನ್ನು ಚೆನ್ನೈನಲ್ಲಿರುವ ನಮ್ಮ ಜನಕ್ಕೆ ಒಂದು ಮಾತು. ವಡಪಳನಿ, ಸಾಲಿಗ್ರಾಮ, ಕೋಡಂಬಾಕದ ಗಲ್ಲಿಗಳಲ್ಲಿ ಹಳೆಯ ವಾದಕರ ಮನೆಗಳು ಇನ್ನೂ ಇವೆ. ಅವರಲ್ಲಿ ಕನ್ನಡ ಬಾರದವರೇ ಹೆಚ್ಚು, ಆದರೆ ಕನ್ನಡ ಹಾಡು ನುಡಿಸದವರು ಕಡಿಮೆ. ನಿಮ್ಮ ಪಕ್ಕದ ಮನೆಯ ಅಜ್ಜ ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿ ಇದ್ದವರು ಅಂತ ಗೊತ್ತಾದರೆ, ಹಳೆ ಹಾಡೊಂದನ್ನು ಮೊಬೈಲಿನಲ್ಲಿ ಹಾಕಿ ಕೇಳಿಸಿ, ಇದರಲ್ಲಿ ಬೇಸ್ ಯಾರದು ಸಾರ್ ಅಂತ ವಿಚಾರಿಸಿ. ಅವರು ಹೇಳಿದ್ದನ್ನು ಹಾಡಿನ ಹೆಸರು, ವರ್ಷದ ಸಮೇತ ಬರೆದಿಡಿ. ನಮ್ಮ ಹತ್ತಿರ ಈಗ ಇರುವುದು ಮುಂದಿನ ಚಿತ್ರ ಮಾತ್ರ. ಬೆನ್ನಿನ ಕಡೆ ಇನ್ನೂ ಖಾಲಿ.